ಹಗುರ ಕಾರಿಗೆ ಗಾಳಿ ಒಪ್ಪುವ ಮೈ: ಲೆಕ್ಕದಿಂದ ಫೈಬರ್‌ವರೆಗೆ

ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವ ಕಾರನ್ನು ತಾವೇ ಕಟ್ಟಲು ಹೊರಟ ವಿದ್ಯಾರ್ಥಿಗಳ ನೋಟ್‌ಬುಕ್ ತೆರೆದರೆ, ಮೊದಲ ಪುಟದಲ್ಲಿ ಹೆಚ್ಚಾಗಿ ಕಾಣುವುದು ಚೂಪಾದ ಮೂತಿ. ಅದಕ್ಕೆ ನೆರಳು, ಹೊಳಪು, ಸೀಳುಗಣ್ಣಿನ ಹೆಡ್‌ಲೈಟು ಎಲ್ಲ ಇರುತ್ತದೆ. ಹಿಂಭಾಗ ಮಾತ್ರ ಎರಡು ಗೆರೆಯಲ್ಲಿ ಮುಗಿದಿರುತ್ತದೆ. ಗಾಳಿಯ ಲೆಕ್ಕದಲ್ಲಿ ಈ ಆದ್ಯತೆ ತಲೆಕೆಳಗಾಗಿದೆ. ರಸ್ತೆ ವಾಹನಗಳ ವೇಗದಲ್ಲಿ ಮೂತಿ ದುಂಡಗಿದ್ದರೆ ಸಾಕು, ಗಾಳಿ ಸರಿದು ದಾರಿ ಕೊಡುತ್ತದೆ. ಸರಿದ ಗಾಳಿಯನ್ನು ಹಿಂದೆ ಮತ್ತೆ ನಿಧಾನವಾಗಿ ಕೂಡಿಸುವುದೇ ಕಷ್ಟದ ಕೆಲಸ. ಅದು ಕೂಡದೆ ಚದುರಿದರೆ ಕಾರಿನ ಬೆನ್ನ ಹಿಂದೆ ಕಡಿಮೆ ಒತ್ತಡದ ಗುಳಿಯೊಂದು ಹುಟ್ಟಿ, ಓಡುವ ಕಾರನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ.

ಈ ಲೇಖನ ಒಬ್ಬರೇ ಕೂರುವ, ನಾಲ್ಕು ಚಕ್ರದ, ಪುಟ್ಟ ಎಲೆಕ್ಟ್ರಿಕ್ ಅಥವಾ ಪೆಟ್ರೋಲ್ ಕಾರಿನ ಮೈ ಕಟ್ಟುವವರಿಗಾಗಿ. ಶೆಲ್ ಇಕೋ-ಮ್ಯಾರಥಾನ್‌ನಂಥ ಸ್ಪರ್ಧೆಗಳ ಅರ್ಬನ್ ಕಾನ್ಸೆಪ್ಟ್ ವರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ತಂಡದ ಪ್ಯಾಕ್-ಕಾರ್ 2 ಎಂಬ ಮೂರು ಚಕ್ರದ ಹೈಡ್ರೋಜನ್ ವಾಹನ 2005ರಲ್ಲಿ ಫ್ರಾನ್ಸಿನ ಲಾದೂ ಪಥದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸಮನಾದ ಶಕ್ತಿಯಲ್ಲಿ 5,385 ಕಿ.ಮೀ. ಸಾಧಿಸಿತು. ಅದರ ತೂಕ 29 ಕಿಲೋ, ಡ್ರ್ಯಾಗ್ ಗುಣಾಂಕ (ಆಕಾರ ಗಾಳಿಗೆ ಎಷ್ಟು ಅಡ್ಡವಾಗುತ್ತದೆ ಎಂಬ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು) 0.075. ಅದಕ್ಕೂ ಮುನ್ನ 2002ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಮುಖ್ಯಸ್ಥ ಫರ್ಡಿನಾಂಡ್ ಪೀಹ್, ಒಬ್ಬರ ಹಿಂದೆ ಒಬ್ಬರು ಕೂರುವ, 290 ಕಿಲೋ ತೂಕದ ಪ್ರಾಯೋಗಿಕ ಕಾರನ್ನು ವೋಲ್ಫ್ಸ್‌ಬರ್ಗ್‌ನಿಂದ ಹ್ಯಾಂಬರ್ಗಿಗೆ ಸ್ವತಃ ಓಡಿಸಿಕೊಂಡು ಹೋದರು. ನೂರು ಕಿ.ಮೀ.ಗೆ ಖರ್ಚಾದದ್ದು ಒಂದು ಲೀಟರಿಗಿಂತ ಕಡಿಮೆ ಡೀಸೆಲ್.

ಕತ್ತರಿ ಹಿಡಿಯುವ ಮುನ್ನ ಕಾನೂನು

ಮನೆಯಲ್ಲಿರುವ ನೋಂದಾಯಿತ ಕಾರಿನ ಮೈ ಬಿಚ್ಚಿ ಹೊಸದನ್ನು ಹೊದಿಸುವ ಯೋಚನೆಯಿದ್ದರೆ ಇಲ್ಲೇ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆದ್ದರಿಂದ ಇಲ್ಲಿ ಹೇಳುವ ಕಾರು ಸ್ಪರ್ಧೆಯ ಪಥ, ಕಾಲೇಜಿನ ಆವರಣ, ಖಾಸಗಿ ಜಾಗಗಳಿಗೆ ಮಾತ್ರ.

ಸ್ಪರ್ಧೆಗೆ ಹೋಗುವವರು ಆ ವರ್ಷದ ನಿಯಮ ಪುಸ್ತಕವನ್ನು ಗೋಡೆಗೆ ಅಂಟಿಸಿಕೊಳ್ಳಿ. ಉದ್ದ, ಅಗಲ, ಎತ್ತರದ ಮಿತಿಗಳ ಜೊತೆಗೆ ಸುರಕ್ಷತೆಯ ನಿಯಮಗಳೂ ಮೈಯ ಆಕಾರವನ್ನು ತೀರ್ಮಾನಿಸುತ್ತವೆ. ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಕಂಬಿ, ಚಾಲಕರ ಹೆಲ್ಮೆಟ್‌ಗಿಂತ 5 ಸೆಂ.ಮೀ. ಆಚೆ ಇರಬೇಕು, 700 ನ್ಯೂಟನ್ ಭಾರ ತಡೆಯಬೇಕು. ಚಾಲಕರು 10 ಸೆಕೆಂಡಿನೊಳಗೆ ಹೊರಬರುವಂತಿರಬೇಕು. ಈ ಕೊನೆಯ ನಿಯಮವನ್ನು ಮರೆತು ಬಾಗಿಲನ್ನು ಚಿಕ್ಕದು ಮಾಡಿದರೆ ಮುಗಿದ ಮೈಯನ್ನೇ ಕೊಯ್ಯಬೇಕಾಗುತ್ತದೆ.

ಮೊದಲ ಹೆಜ್ಜೆ: ನಿಮ್ಮ ವೇಗದ ಲೆಕ್ಕ

ಗಾಳಿಯ ತಡೆ ಮುಖ್ಯವೋ, ತೂಕ ಮುಖ್ಯವೋ? ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ನಿಮ್ಮ ಕಾರು ಎಷ್ಟು ವೇಗದಲ್ಲಿ ಓಡುತ್ತದೆ, ಎಷ್ಟು ಸಲ ನಿಲ್ಲುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ಅರ್ಧ ಗಂಟೆ ಕುಳಿತು ಲೆಕ್ಕ ಹಾಕಿ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಅರ್ಧ ಗಂಟೆ ಇನ್ನೊಂದಿಲ್ಲ.

ಗಾಳಿಯ ತಡೆ ಎಂದರೆ ಗಾಳಿಯ ಸಾಂದ್ರತೆಯ ಅರ್ಧ, ಡ್ರ್ಯಾಗ್ ಗುಣಾಂಕ, ಎದುರಿನಿಂದ ಕಾಣುವ ವಿಸ್ತೀರ್ಣ, ವೇಗದ ವರ್ಗ, ಇವಿಷ್ಟರ ಗುಣಲಬ್ಧ. ಟೈರಿನ ತಡೆ ಎಂದರೆ ಒಟ್ಟು ತೂಕವನ್ನು (ನ್ಯೂಟನ್‌ನಲ್ಲಿ, ಅಂದರೆ ಕಿಲೋವನ್ನು 9.8ರಿಂದ ಗುಣಿಸಿ) ಟೈರಿನ ಗುಣಾಂಕದಿಂದ ಗುಣಿಸಿದ್ದು. ಚಾಲಕರೂ ಸೇರಿ 180 ಕಿಲೋ ತೂಗುವ ಕಾರು, ಒಳ್ಳೆಯ ಟೈರಿನ ಗುಣಾಂಕ 0.006, ಎದುರಿನ ವಿಸ್ತೀರ್ಣ 1 ಚದರ ಮೀಟರ್, ಡ್ರ್ಯಾಗ್ ಗುಣಾಂಕ 0.3, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕಿಲೋ ಎಂದಿಟ್ಟುಕೊಳ್ಳಿ. ಟೈರಿನ ತಡೆ ಸುಮಾರು 10.6 ನ್ಯೂಟನ್ ಬರುತ್ತದೆ, ವೇಗ ಎಷ್ಟಿದ್ದರೂ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಗಂಟೆಗೆ 30 ಕಿ.ಮೀ. ವೇಗದಲ್ಲಿ 11.5 ನ್ಯೂಟನ್. ಎರಡೂ ಹೆಚ್ಚುಕಡಿಮೆ ಸಮ. ವೇಗ 60ಕ್ಕೆ ಏರಿದರೆ ಗಾಳಿಯ ತಡೆ ನಾಲ್ಕು ಪಟ್ಟಾಗಿ 46 ನ್ಯೂಟನ್ ಆಗುತ್ತದೆ, ಟೈರು ಅಲ್ಲೇ ಇರುತ್ತದೆ. ಬೇಕಾದ ಶಕ್ತಿ 184 ವಾಟ್‌ನಿಂದ ಸುಮಾರು 940 ವಾಟ್‌ಗೆ ಜಿಗಿಯುತ್ತದೆ.

ಈಗ ಎರಡು ಸುಧಾರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡ್ರ್ಯಾಗ್ ಗುಣಾಂಕವನ್ನು 0.3ರಿಂದ 0.2ಕ್ಕೆ ಇಳಿಸಿದರೆ 30 ಕಿ.ಮೀ. ವೇಗದಲ್ಲಿ 3.8 ನ್ಯೂಟನ್ ಉಳಿತಾಯ. ಮೈಯಿಂದ 20 ಕಿಲೋ ತೂಕ ಕಳೆದರೆ ಉಳಿಯುವುದು 1.2 ನ್ಯೂಟನ್ ಮಾತ್ರ. ಹಾಗಾದರೆ ಆಕಾರವೇ ಗೆದ್ದಿತೇ? ನಿಲ್ಲದೆ ಓಡಿದರೆ ಹೌದು. ಆದರೆ 30 ಕಿ.ಮೀ. ವೇಗದಲ್ಲಿರುವ 180 ಕಿಲೋ ಕಾರಿನಲ್ಲಿ 6,250 ಜೂಲ್ ಚಲನ ಶಕ್ತಿ ಇರುತ್ತದೆ. ಬ್ರೇಕ್ ಒತ್ತಿದ ಪ್ರತಿ ಸಲವೂ ಅದಷ್ಟೂ ಶಾಖವಾಗಿ ಹೋಗುತ್ತದೆ. ಅಷ್ಟು ಶಕ್ತಿಯಲ್ಲಿ ಇದೇ ಕಾರು ಇದೇ ವೇಗದಲ್ಲಿ 280 ಮೀಟರ್ ಓಡಬಹುದಿತ್ತು. ಪ್ರತಿ ಅರ್ಧ ಕಿಲೋಮೀಟರಿಗೆ ಒಮ್ಮೆ ನಿಲ್ಲುವ ಪಥವಾದರೆ ತೂಕದ ಬೆಲೆ ಎಷ್ಟೆಂದು ಇದರಿಂದಲೇ ಗೊತ್ತಾಗುತ್ತದೆ. ನಿಮ್ಮ ಪಥದ ವೇಗ ಮತ್ತು ನಿಲುಗಡೆ ಹಾಕಿ ಇದನ್ನೇ ಮತ್ತೆ ಮಾಡಿ, ಹಾಳೆಯನ್ನು ಜೋಪಾನವಾಗಿಡಿ. ಮುಂದೆ ಬರುವ ಪ್ರತಿ ಜಗಳವನ್ನೂ ಅದು ಬಿಡಿಸುತ್ತದೆ.

ಸಾಂದ್ರತೆಯ ಬಗ್ಗೆ ಒಂದು ಮಾತು. ಸಮುದ್ರ ಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಶೇ 9ರಷ್ಟು ತೆಳು. ಒಂದೇ ಕಾರನ್ನು ಎರಡೂ ಕಡೆ ಪರೀಕ್ಷಿಸಿ ಹೋಲಿಸುವವರು ಇದನ್ನು ಸರಿದೂಗಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಮನುಷ್ಯನನ್ನು ಕೂರಿಸಿ, ಆಮೇಲೆ ಗೆರೆ ಎಳೆಯಿರಿ

ಡ್ರ್ಯಾಗ್ ಗುಣಾಂಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಎದುರಿನ ವಿಸ್ತೀರ್ಣದ ಬಗ್ಗೆ ಮಾತಾಡುವವರು ಕಡಿಮೆ. ಗಾಳಿಗೆ ಮುಖ್ಯವಾಗುವುದು ಎರಡರ ಗುಣಲಬ್ಧ. ವಿಸ್ತೀರ್ಣ ಇಳಿಸುವುದು ಗುಣಾಂಕ ಇಳಿಸುವುದಕ್ಕಿಂತ ಸುಲಭ, ಜೊತೆಗೆ ಮೈಯ ತೂಕವೂ ಇಳಿಯುತ್ತದೆ.

ನಿಜವಾದ ಚಾಲಕರನ್ನು, ನಿಜವಾದ ಹೆಲ್ಮೆಟ್ ಹಾಕಿಸಿ, ಹಲಗೆ ಮತ್ತು ಇಟ್ಟಿಗೆಯಿಂದ ಮಾಡಿದ ತಾತ್ಕಾಲಿಕ ಸೀಟಿನಲ್ಲಿ ಕೂರಿಸಿ. ಬೆನ್ನು ಎಷ್ಟು ಒರಗಿದರೂ ದಾರಿ ಕಾಣಬೇಕು, ಸ್ಟಿಯರಿಂಗ್ ತಿರುಗಿಸುವಾಗ ಮೊಣಕೈ ಗೋಡೆಗೆ ತಾಗಬಾರದು, ಬ್ರೇಕ್ ಒತ್ತುವಾಗ ಮೊಣಕಾಲು ಮೇಲೇಳುತ್ತದೆ ಎಂಬುದನ್ನು ನೆನಪಿಡಿ. ಭುಜ, ಸೊಂಟ, ಮೊಣಕಾಲು, ಪಾದದ ಬೆರಳು, ಹೆಲ್ಮೆಟ್ ನೆತ್ತಿ, ಈ ಐದೂ ಕಡೆ ಅಗಲ ಎತ್ತರ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಈ ಬಿಂದುಗಳ ಸುತ್ತ 4–5 ಸೆಂ.ಮೀ. ಬಿಟ್ಟು ಎಳೆದ ಗೆರೆಯೇ ನಿಮ್ಮ ಮೈಯ ಕನಿಷ್ಠ ಮಿತಿ. ಬೂಟಿನ ತುದಿ ಎಲ್ಲರೂ ಮರೆಯುವ ಜಾಗ. ಮೂತಿಯನ್ನು ತಗ್ಗಿಸಿದ ಮೇಲೆ ಪೆಡಲ್ ಒತ್ತಲು ಪಾದ ನೆಟ್ಟಗೆ ನಿಲ್ಲಲಾಗದಿದ್ದರೆ ಆ ಸೌಂದರ್ಯದಿಂದ ಏನೂ ಪ್ರಯೋಜನವಿಲ್ಲ.

ಸೀಟಿಂಗ್ ಮಾದರಿಯ ಎದುರಿನ ವಿಸ್ತೀರ್ಣ ತಿಳಿಯಲು ಉಪಕರಣ ಬೇಕಿಲ್ಲ. ಪಕ್ಕದಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿ, ಸಾಧ್ಯವಾದಷ್ಟು ದೂರದಿಂದ ಜೂಮ್ ಮಾಡಿ ಫೋಟೊ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮುಂದಿನ ಭಾಗ ದೊಡ್ಡದಾಗಿ ಕಂಡು ಲೆಕ್ಕ ಕೆಡುತ್ತದೆ. ಚಿತ್ರದ ಮೇಲೆ ಚೌಕಗಳನ್ನು ಹಾಕಿ ಎಣಿಸಿ.

ಮೂರನೆಯ ಹೆಜ್ಜೆ: ಬಾಲದಿಂದ ಮುಂದಕ್ಕೆ ಆಕಾರ

ಇಲ್ಲಿ ಸಮಯ ಕೊಡಿ. ಬೇರೆಲ್ಲೂ ಕೊಡದಷ್ಟು ಕೊಡಿ.

ಗಾಳಿ ಮೈಯ ಅತ್ಯಂತ ಅಗಲದ ಜಾಗವನ್ನು ದಾಟಿದ ಮೇಲೆ ನಿಧಾನವಾಗುತ್ತಾ, ಒತ್ತಡ ಹೆಚ್ಚಿಸಿಕೊಳ್ಳುತ್ತಾ ಹಿಂದಕ್ಕೆ ಸಾಗಬೇಕು. ಮೈಗೆ ಅಂಟಿದ ತೆಳು ಪದರಕ್ಕೆ ಈ ಏರು ಒತ್ತಡದ ವಿರುದ್ಧ ಹೋಗುವ ಕಸುವು ಸೀಮಿತ. ಬಾಲ ಬೇಗ ಕಿರಿದಾದರೆ ಪದರ ಸೋತು ಮೈ ಬಿಟ್ಟು ಕಳಚಿಕೊಳ್ಳುತ್ತದೆ. ಎಷ್ಟು ಕೋನದವರೆಗೆ ಸುರಕ್ಷಿತ ಎಂಬುದಕ್ಕೆ 1984ರಲ್ಲಿ ಎಸ್.ಆರ್. ಅಹಮದ್ ಮತ್ತು ಸಂಗಡಿಗರು ಸರಳ ಕಾರಿನಾಕಾರದ ದಿಮ್ಮಿಯ ಮೇಲೆ ನಡೆಸಿದ ಪ್ರಯೋಗ ಇಂದಿಗೂ ಆಧಾರ. ಹಿಂಭಾಗದ ಇಳಿಜಾರು 12.5 ಡಿಗ್ರಿಯ ಸುತ್ತ ಇದ್ದಾಗ ಡ್ರ್ಯಾಗ್ ಅತಿ ಕಡಿಮೆ. ಅಲ್ಲಿಂದ ಮೇಲೆ ಏರುತ್ತಾ 30 ಡಿಗ್ರಿಯಲ್ಲಿ ಶಿಖರ ಮುಟ್ಟುತ್ತದೆ. ಇದಕ್ಕೆ ಕಾರಣ ಇಳಿಜಾರಿನ ಎರಡು ಅಂಚುಗಳಲ್ಲಿ ಹುಟ್ಟುವ ಬಲವಾದ ಸುಳಿಗಳು. ನೋಡಲು ನಯವಾದ, ಬೇಗ ಇಳಿಯುವ ಫಾಸ್ಟ್‌ಬ್ಯಾಕ್ ಹಿಂಭಾಗ ನೆಟ್ಟಗೆ ಕೊಯ್ದ ಪೆಟ್ಟಿಗೆಗಿಂತ ಕೆಟ್ಟದಾಗುವುದು ಹೀಗೆ.

ನನ್ನ ಸಲಹೆ: ಛಾವಣಿಗೂ ಎರಡು ಪಕ್ಕಗಳಿಗೂ 10 ಡಿಗ್ರಿ ಇಟ್ಟುಕೊಂಡು ಶುರು ಮಾಡಿ, 12 ದಾಟಬೇಡಿ. ಇಳಿಜಾರು ಒಮ್ಮೆಲೇ ಶುರುವಾಗದೆ ಬಾಗುತ್ತಾ ಬರಲಿ.

ಆದರೆ 10 ಡಿಗ್ರಿಯಲ್ಲಿ ಬಾಲ ಚೂಪಾಗುವವರೆಗೆ ಎಳೆದರೆ ಕಾರು ಬಸ್ಸಿನಷ್ಟು ಉದ್ದವಾಗುತ್ತದೆ. ಇದಕ್ಕೆ 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ತೋರಿಸಿದ ದಾರಿ ಇದೆ: ಗಾಳಿ ಮೈಗೆ ಅಂಟಿರುವಾಗಲೇ ಬಾಲವನ್ನು ನೇರವಾಗಿ ಕೊಯ್ದುಬಿಡಿ. ಅಳತೆ ಹಾಕಿ ನೋಡೋಣ. ಕಾರಿನ ಉದ್ದ 3 ಮೀಟರ್, ಅಗಲ 1.2 ಮೀಟರ್. ಮುಂದಿನಿಂದ 1.2 ಮೀಟರಿನಲ್ಲಿ ಅಗಲ ಗರಿಷ್ಠ ಮುಟ್ಟಿ ಅಲ್ಲಿಂದ ಕಿರಿದಾಗಲು ಶುರುವಾದರೆ ಬಾಲಕ್ಕೆ 1.8 ಮೀಟರ್ ಉಳಿಯಿತು. 10 ಡಿಗ್ರಿಯಲ್ಲಿ ಪ್ರತಿ ಪಕ್ಕ 32 ಸೆಂ.ಮೀ. ಒಳಬರುತ್ತದೆ. ಕೊನೆಯ ಅಗಲ 56 ಸೆಂ.ಮೀ., ಅಂದರೆ ಗರಿಷ್ಠ ಅಗಲದ ಅರ್ಧಕ್ಕಿಂತ ಕಡಿಮೆ. ಛಾವಣಿಯೂ ಅಷ್ಟೇ ಇಳಿದರೆ ಕೊಯ್ದ ಬೆನ್ನಿನ ವಿಸ್ತೀರ್ಣ ಎದುರಿನ ವಿಸ್ತೀರ್ಣದ ಮೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದಾಗುತ್ತದೆ. ಕೊಯ್ದ ಅಂಚು ಮಾತ್ರ ಚಾಕುವಿನಂತೆ ಚೂಪಾಗಿರಲಿ. ಅದನ್ನು ದುಂಡಗೆ ಮಾಡಿದರೆ ಗಾಳಿ ಅದನ್ನೇ ಹಿಡಿದು ಒಳಕ್ಕೆ ಬಾಗಿ ಎಲ್ಲೆಂದರಲ್ಲಿ ಕಳಚಿಕೊಳ್ಳುತ್ತದೆ. ಮುಂದೆ ಎಲ್ಲ ಅಂಚು ದುಂಡು, ಹಿಂದೆ ಕೊನೆಯ ಅಂಚು ಚೂಪು.

ಬಾಲ ಕಿರಿದಾಗಬೇಕಾದರೆ ಹಿಂದಿನ ಚಕ್ರಗಳೂ ಒಳಗೆ ಸರಿಯಬೇಕು. ಜನರಲ್ ಮೋಟಾರ್ಸ್‌ನ ಇವಿ1, ಹೋಂಡಾದ ಮೊದಲ ಇನ್‌ಸೈಟ್, ಫೋಕ್ಸ್‌ವ್ಯಾಗನ್ ಎಕ್ಸ್‌ಎಲ್1, ಮೂರರಲ್ಲೂ ಹಿಂದಿನ ಚಕ್ರಗಳ ನಡುವಿನ ಅಂತರ ಮುಂದಿನದಕ್ಕಿಂತ ಕಡಿಮೆ. ಇವಿ1 ಮತ್ತು ಎಕ್ಸ್‌ಎಲ್1 ಎರಡರ ಡ್ರ್ಯಾಗ್ ಗುಣಾಂಕವೂ 0.19ರ ಆಸುಪಾಸು. ಚಾಸಿಸ್ ತಂಡ ಮೊದಲೇ ಆಕ್ಸಲ್ ಕೊಯ್ದುಬಿಟ್ಟರೆ ಈ ಅವಕಾಶ ಕೈತಪ್ಪುತ್ತದೆ. ಮೈಯ ತಂಡ ಮತ್ತು ಚಾಸಿಸ್ ತಂಡ ಒಂದೇ ಮೇಜಿನಲ್ಲಿ ಕೂರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಹೊಟ್ಟೆ, ಚಕ್ರ, ಸಂದುಗಳು

ಕಾರಿನ ತಳವನ್ನು ಯಾರೂ ನೋಡುವುದಿಲ್ಲ, ಗಾಳಿ ನೋಡುತ್ತದೆ. ಪೈಪು, ವೈರು, ಬ್ರಾಕೆಟ್ ನೇತಾಡದಂತೆ ಮೂತಿಯಿಂದ ಬಾಲದವರೆಗೆ ಸಪಾಟಾದ ತಳ ಹಾಕಿ. ಕೊನೆಯ 60–70 ಸೆಂ.ಮೀ. ಭಾಗವನ್ನು 4ರಿಂದ 6 ಡಿಗ್ರಿ ಮೇಲಕ್ಕೆ ಎತ್ತಿ, ಕೆಳಗಿನ ಗಾಳಿಯೂ ಬೆನ್ನಿನ ಗುಳಿಯನ್ನು ತುಂಬಲಿ.

ಸಾಮಾನ್ಯ ಕಾರಿನಲ್ಲಿ ಒಟ್ಟು ಗಾಳಿಯ ತಡೆಯ ಸುಮಾರು ಕಾಲು ಭಾಗ ಚಕ್ರ ಮತ್ತು ಚಕ್ರದ ಗೂಡಿನಿಂದಲೇ ಬರುತ್ತದೆ. ಹಿಂದಿನ ಚಕ್ರಗಳನ್ನು ಮೈಯ ಹಲಗೆಯಿಂದ ಪೂರ್ತಿ ಮುಚ್ಚಿ, ಪಂಕ್ಚರ್ ಆದಾಗ ಬಿಚ್ಚಲು ಎರಡು ತಿರುಪು ಸಾಕು. ಮುಂದಿನ ಚಕ್ರ ತಿರುಗಬೇಕಾದ್ದರಿಂದ ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಅಳತೆ ತೆಗೆದುಕೊಂಡು ಗೂಡು ಮಾಡಿ. ಕಡ್ಡಿಗಳ ಮೇಲೆ ಚಪ್ಪಟೆ ತಟ್ಟೆ ಮುಚ್ಚಿದರೂ ಲಾಭವಿದೆ.

ಚಾಲಕರ ಗಾಳಿಗೆ ಕಿಂಡಿ ಬೇಕೇ ಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಫೈಬರ್ ಗೂಡಿನೊಳಗೆ ಹೆಲ್ಮೆಟ್ ಹಾಕಿ ಕೂರುವವರ ಜೀವ ಡ್ರ್ಯಾಗ್ ಗುಣಾಂಕಕ್ಕಿಂತ ದೊಡ್ಡದು. ಕಿಂಡಿಯನ್ನು ಮೂತಿಯ ನಡುಮಧ್ಯೆ, ಗಾಳಿ ಬಂದು ನಿಲ್ಲುವ ಅತಿ ಒತ್ತಡದ ಬಿಂದುವಿನಲ್ಲಿ ಇಡಿ. ಹೊರಹೋಗುವ ದಾರಿ ಕೊಯ್ದ ಬೆನ್ನಿನಲ್ಲಿರಲಿ. ಒಳಬರುವ ರಂಧ್ರ ಸಣ್ಣದಾದರೂ ಈ ಒತ್ತಡದ ವ್ಯತ್ಯಾಸವೇ ಗಾಳಿಯನ್ನು ಎಳೆದು ತರುತ್ತದೆ.

ಅಡ್ಡಗಾಳಿಯನ್ನೂ ಯೋಚಿಸಿ. ಗಾಳಿಗೆ ನಯವಾದ ಮೈಗಳ ಮೇಲೆ ಪಕ್ಕದ ಒತ್ತಡದ ಕೇಂದ್ರ ಮುಂದೆಯೇ ಬೀಳುವುದರಿಂದ ಮೂತಿ ಪಕ್ಕಕ್ಕೆ ಹೊರಳಲು ನೋಡುತ್ತದೆ. ಗಾಳಿಯಂತ್ರಗಳನ್ನು ನಿಲ್ಲಿಸಿರುವ ಚಿತ್ರದುರ್ಗ, ಗದಗದಂಥ ಬಯಲಿನಲ್ಲಿ ಹಗುರ ಕಾರು ಓಡಿಸುವವರು ಭಾರವನ್ನು ಸಾಧ್ಯವಾದಷ್ಟು ಮುಂದೆ ಮತ್ತು ಕೆಳಗೆ ಇಟ್ಟುಕೊಳ್ಳಬೇಕು.

ನಾಲ್ಕನೆಯ ಹೆಜ್ಜೆ: ಅಗ್ಗದ ಮಾದರಿ, ಉಣ್ಣೆಯ ಎಳೆ

ಕಂಪ್ಯೂಟರಿನಲ್ಲಿ ಗಾಳಿಯ ಸಿಮ್ಯುಲೇಷನ್ ಮಾಡುವವರಿಗೆ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದು ಕೊಡುವ ಗುಣಾಂಕವನ್ನು ಪೋಸ್ಟರಿನಲ್ಲಿ ಬರೆದುಕೊಳ್ಳಬೇಡಿ. ಒಂದೇ ಮೆಶ್ (ಲೆಕ್ಕಕ್ಕಾಗಿ ಗಾಳಿಯ ಜಾಗವನ್ನು ತುಂಡರಿಸುವ ಜಾಲ), ಒಂದೇ ಸೆಟ್ಟಿಂಗಿನಲ್ಲಿ ಎರಡು ಆಕಾರ ಓಡಿಸಿ ಯಾವುದು ಮೇಲು ಎಂದು ತಿಳಿಯಲು ಮಾತ್ರ ಬಳಸಿ. ಚಿಕ್ಕ ಮಾದರಿಯನ್ನು ಕಾಲೇಜಿನ ಗಾಳಿ ಸುರಂಗದಲ್ಲಿ ಇಟ್ಟು ಅಳೆದ ಅಂಕಿಗೂ ಇದೇ ಎಚ್ಚರ ಬೇಕು. ಐದನೇ ಒಂದರಷ್ಟು ಚಿಕ್ಕ ಮಾದರಿಯ ಮೇಲೆ ಗಾಳಿ ಅದೇ ರೀತಿ ವರ್ತಿಸಬೇಕಾದರೆ ಸುರಂಗದ ವೇಗ ಐದು ಪಟ್ಟು ಇರಬೇಕು.

ನಾನು ಹೆಚ್ಚು ನಂಬುವುದು ಪೂರ್ಣ ಗಾತ್ರದ ಕಚ್ಚಾ ಮಾದರಿಯನ್ನು. ಬಿದಿರಿನ ಸೀಳುಗಳಿಂದ ಹಂದರ ಕಟ್ಟಿ, ಅಂಗಡಿ ಫಲಕಗಳಿಗೆ ಬಳಸುವ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಹೊದಿಸಿ ಚಾಸಿಸ್ ಮೇಲೆ ಕೂರಿಸಿ. ಬಾಲದ ಮೇಲೆ 10 ಸೆಂ.ಮೀ. ಉದ್ದದ ಉಣ್ಣೆ ಎಳೆಗಳನ್ನು ಗೇಣಿಗೊಂದರಂತೆ ಟೇಪಿನಿಂದ ಅಂಟಿಸಿ. ಬೆಳಿಗ್ಗೆ ಗಾಳಿ ಬೀಸದ ಹೊತ್ತಿನಲ್ಲಿ ಕಾರು ಓಡಲಿ, ಪಕ್ಕದಲ್ಲಿ ಇನ್ನೊಂದು ವಾಹನದಿಂದ, ಸಾಕಷ್ಟು ಅಂತರ ಬಿಟ್ಟು, ಮೊಬೈಲಿನಲ್ಲಿ ಚಿತ್ರೀಕರಿಸಿ. ಎಳೆ ಮೈಗೆ ಒರಗಿ ಹಿಂದಕ್ಕೆ ನೆಟ್ಟಗೆ ಮಲಗಿದ್ದರೆ ಗಾಳಿ ಅಂಟಿದೆ. ನಡುಗುತ್ತಿದ್ದರೆ ಕಳಚುವ ಹಂತದಲ್ಲಿದೆ. ಎದ್ದು ಸುತ್ತುತ್ತಿದ್ದರೆ, ಮುಂದಕ್ಕೆ ತಿರುಗಿದ್ದರೆ ಅಲ್ಲಿ ಕಳಚಿಹೋಗಿದೆ. ಎಳೆ ಏಳುವ ಸಾಲು ಎಲ್ಲಿ ಶುರುವಾಗುತ್ತದೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದು, ಅದರ ಮುಂದಿನ ಬಾಗನ್ನು ಮೃದುಗೊಳಿಸಿ ಮತ್ತೆ ಓಡಿಸಿ. ಪ್ಲಾಸ್ಟಿಕ್ ಹಾಳೆಯನ್ನು ಒಂದು ಸಂಜೆಯಲ್ಲಿ ಬದಲಿಸಬಹುದು, ಫೈಬರನ್ನು ಬದಲಿಸಲಾಗದು.

ಐದನೆಯ ಹೆಜ್ಜೆ: ಯಾವ ವಸ್ತು

ಒಂದು ಚದರ ಮೀಟರಿನ ತೂಕದಲ್ಲಿ ಯೋಚಿಸುವ ಅಭ್ಯಾಸ ಮಾಡಿಕೊಳ್ಳಿ. 0.8 ಮಿ.ಮೀ. ಉಕ್ಕಿನ ತಗಡು 6.3 ಕಿಲೋ. 1 ಮಿ.ಮೀ. ಅಲ್ಯೂಮಿನಿಯಂ 2.7 ಕಿಲೋ. 6 ಮಿ.ಮೀ. ಪಿವಿಸಿ ಫೋಮ್‌ನ ಎರಡೂ ಬದಿಗೆ, ಚದರ ಮೀಟರಿಗೆ 200 ಗ್ರಾಂ ತೂಗುವ ಗಾಜಿನ ನಾರಿನ ಬಟ್ಟೆಯ ಒಂದೊಂದು ಪದರ ಹಾಕಿ, ಬಟ್ಟೆಯನ್ನು ಗಟ್ಟಿಗೊಳಿಸುವ ಅಂಟಾದ ರೆಸಿನ್, ಫೋಮ್ ಹೀರುವಷ್ಟನ್ನೂ ಸೇರಿಸಿದರೂ ಸುಮಾರು 1.5 ಕಿಲೋ. ಇಂಥ ಕಾರಿನ ಮೈಗೆ 6 ಚದರ ಮೀಟರ್ ಬೇಕೆಂದರೆ ಉಕ್ಕಿನಲ್ಲಿ 38 ಕಿಲೋ, ಅಲ್ಯೂಮಿನಿಯಂನಲ್ಲಿ 16, ಫೋಮ್ ಸ್ಯಾಂಡ್‌ವಿಚ್‌ನಲ್ಲಿ 9.

ಸ್ಯಾಂಡ್‌ವಿಚ್ ಗಟ್ಟಿಯಾಗುವುದು ಎರಡು ಚರ್ಮಗಳ ನಡುವಿನ ದೂರದಿಂದ. ದೂರ ಎರಡರಷ್ಟಾದರೆ ಬಾಗದಿರುವ ಬಿಗಿ ಸುಮಾರು ನಾಲ್ಕರಷ್ಟಾಗುತ್ತದೆ, ತೂಕ ಮಾತ್ರ ಫೋಮಿನಷ್ಟೇ ಏರುತ್ತದೆ. ಕಾರ್ಬನ್ ಬಟ್ಟೆ ಇನ್ನೂ ಹಗುರ, ಆದರೆ ಹಣ ಸೀಮಿತವಾಗಿದ್ದರೆ ಅದನ್ನು ರೋಲ್ ಬಾರ್ ಬುಡ, ಬಾಗಿಲ ಚೌಕಟ್ಟಿನಂಥ ಕಡೆ ಪಟ್ಟಿಯಾಗಿ ಹಾಕಿ, ಉಳಿದೆಡೆ ಗಾಜಿನ ಬಟ್ಟೆಯೇ ಇರಲಿ. ಸೆಣಬಿನ ಬಟ್ಟೆ ಪರಿಸರ ಸ್ನೇಹಿ ಎಂದು ಕೆಲವರು ಆರಿಸುತ್ತಾರೆ. ಅದು ರೆಸಿನ್ ಅನ್ನು ಧಾರಾಳವಾಗಿ ಕುಡಿಯುವುದರಿಂದ ಹಗುರ ಮೈಗೆ ನಾನು ಒಪ್ಪುವುದಿಲ್ಲ. ಕಿಟಕಿಗೆ ಪಾಲಿಕಾರ್ಬೊನೇಟ್ ಹಾಳೆಯೇ ಬೇಕು. ಅಕ್ರಿಲಿಕ್ ಒಡೆದರೆ ಚೂಪಾದ ಚೂರುಗಳಾಗುತ್ತದೆ.

ಮೈಗೆ ಭಾರ ಹೊರಿಸದೆ ಹೊದಿಕೆಯಾಗಿ ಮಾತ್ರ ಬಳಸುವುದು ಹೊಸ ತಂಡಗಳಿಗೆ ಸರಿಯಾದ ದಾರಿ. ಬೆಂಗಳೂರಿನಲ್ಲಿ 2001ರಿಂದ ತಯಾರಾದ ರೇವಾ ಎಲೆಕ್ಟ್ರಿಕ್ ಕಾರು ಇದೇ ತತ್ವದ್ದು: ಉಕ್ಕಿನ ಕೊಳವೆಗಳ ಹಂದರ ಭಾರ ಹೊರುತ್ತಿತ್ತು, ಮೇಲೆ ಎಬಿಎಸ್ ಪ್ಲಾಸ್ಟಿಕ್ ಫಲಕಗಳಿದ್ದವು. ಅದರ ಹಿಂದಿದ್ದ ಚೇತನ್ ಮೈನಿ ವಿದ್ಯಾರ್ಥಿಯಾಗಿ ಮಿಶಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿದ್ದವರು. ಇಂಥ ಸ್ಪರ್ಧಾ ಕಾರು ಕಟ್ಟಿದ ಕೈಗಳು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿ.

ಆರನೆಯ ಹೆಜ್ಜೆ: ಅಚ್ಚು ಮತ್ತು ಫೈಬರ್

ಮೈಯ ಚಿತ್ರವನ್ನು ಪ್ರತಿ 20 ಸೆಂ.ಮೀ.ಗೆ ಅಡ್ಡವಾಗಿ ಕೊಯ್ದಂತೆ ನಕ್ಷೆ ತೆಗೆದು, ತೆಳು ಪ್ಲೈವುಡ್‌ನಲ್ಲಿ ಆ ಆಕಾರಗಳನ್ನು ಕತ್ತರಿಸಿ. ಎರಡು ಪ್ಲೈವುಡ್ ನಡುವೆ ಥರ್ಮೊಕೋಲ್ ದಿಮ್ಮಿ ಇಟ್ಟು, ಕಾಯಿಸಿದ ತಂತಿಯನ್ನು ಎರಡೂ ಅಂಚಿನ ಮೇಲೆ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯುವಂತೆ ಎಳೆದರೆ ಆ ತುಂಡು ಸಿದ್ಧ. ತುಂಡುಗಳನ್ನು ಅಂಟಿಸಿ, ಉದ್ದನೆಯ ಹಲಗೆಗೆ ಮರಳು ಕಾಗದ ಸುತ್ತಿ ಉಜ್ಜಿ. ಗಿಡ್ಡ ಹಲಗೆಯಿಂದ ಉಜ್ಜಿದರೆ ಅಲೆ ಅಲೆಯಾಗುತ್ತದೆ. ಸಂಜೆ ದೀಪವನ್ನು ಮೈಗೆ ಸಮಾನಾಂತರವಾಗಿ ಹಿಡಿದರೆ ಹಗಲಿನಲ್ಲಿ ಕಾಣದ ತಗ್ಗುಗಳೆಲ್ಲ ನೆರಳಾಗಿ ಎದ್ದು ಕಾಣುತ್ತವೆ.

ಪಾಲಿಯೆಸ್ಟರ್ ರೆಸಿನ್ ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ಆದ್ದರಿಂದ ಥರ್ಮೊಕೋಲ್ ಮೇಲೆ ನೇರವಾಗಿ ಹಾಕುವುದಾದರೆ ಎಪಾಕ್ಸಿ ರೆಸಿನ್ ಮಾತ್ರ. ಅಗ್ಗವೆಂದು ಪಾಲಿಯೆಸ್ಟರ್ ಬಳಸುವವರು ಮೊದಲು ದಿಮ್ಮಿಗೆ ಎಪಾಕ್ಸಿಯ ತಡೆಪದರ ಹಾಕಿ ಪೂರ್ತಿ ಒಣಗಿಸಬೇಕು. ಪಾಲಿಯೆಸ್ಟರ್ ಜೊತೆ ಬರುವ ಕೋಬಾಲ್ಟ್ ದ್ರಾವಣ ಮತ್ತು ಪೆರಾಕ್ಸೈಡ್ ಹಾರ್ಡ್‌ನರ್ ಎರಡನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಬೆಂಕಿ ಹೊತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಕಿದ ಮೇಲಷ್ಟೇ ಹಾರ್ಡ್‌ನರ್. ಈ ಹಾರ್ಡ್‌ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ, ಕನ್ನಡಕ ತೆಗೆಯಲೇಬಾರದು. ಆವಿಗೆ ಕಾರ್ಬನ್ ಫಿಲ್ಟರಿನ ಮುಖಗವಸು, ಉಜ್ಜುವಾಗ ಧೂಳಿನ ಮುಖಗವಸು, ಕೈಗೆ ನೈಟ್ರೈಲ್ ಗ್ಲವ್ಸ್.

ಬಟ್ಟೆಯನ್ನು ಮೊದಲೇ ಕತ್ತರಿಸಿ ತೂಗಿ. ಅಷ್ಟೇ ತೂಕದ ರೆಸಿನ್ ಕಲಸಿ, ಅದು ಮುಗಿದರೆ ಮತ್ತೆ ಕಲಸುವ ಮುನ್ನ ರೋಲರ್ ಆಡಿಸಿ ಹೆಚ್ಚಾದದ್ದನ್ನು ಒಣಗಿದ ಕಡೆಗೆ ಎಳೆಯಿರಿ. ಹೊಳೆಯುವ ಮೈ ಅಂದರೆ ರೆಸಿನ್ ಹೆಚ್ಚಾಗಿದೆ ಎಂದರ್ಥ. ಬಟ್ಟೆಯ ನೇಯ್ಗೆ ಕಾಣುತ್ತಾ, ಬಿಳಿ ಚುಕ್ಕೆ ಇಲ್ಲದೆ ಒದ್ದೆಯಾಗಿದ್ದರೆ ಸರಿ. ಮೇಲೆ ಪೀಲ್ ಪ್ಲೈ (ರೆಸಿನ್ ಗಟ್ಟಿಯಾದ ಮೇಲೆ ಸುಲಿದು ತೆಗೆಯುವ) ಬಟ್ಟೆ ಹಾಕಿ, ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ವ್ಯಾಕ್ಯೂಮ್ ಎಳೆದರೆ ಇನ್ನಷ್ಟು ರೆಸಿನ್ ಹೊರಬರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳದಿದ್ದರೆ ಒಳಿತು. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಮುಂದಿನ ಪದರ ಅಂಟುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿ ಮುಂದುವರಿಯಿರಿ.

ಆಮೇಲೆ ಪುಟ್ಟಿ. ಹಗುರ ಮೈಗಳು ಸೋಲುವುದು ಇಲ್ಲೇ. ಗ್ಯಾರೇಜುಗಳಲ್ಲಿ ಬಳಸುವ ಸಾಮಾನ್ಯ ಪುಟ್ಟಿಯನ್ನು ಮೈಯೆಲ್ಲ ಸರಾಸರಿ 1 ಮಿ.ಮೀ. ಬಳಿದರೆ ಚದರ ಮೀಟರಿಗೆ 1.8 ಕಿಲೋ ಏರುತ್ತದೆ. 6 ಚದರ ಮೀಟರಿಗೆ ಸುಮಾರು 11 ಕಿಲೋ, ಅಂದರೆ ಇಡೀ ಮೈಗಿಂತ ಭಾರ. ಎಪಾಕ್ಸಿಯಲ್ಲಿ ಟೊಳ್ಳು ಗಾಜಿನ ಸೂಕ್ಷ್ಮ ಗೋಲಿಗಳ ಪುಡಿ ಕಲಸಿದ ಪುಟ್ಟಿಯನ್ನು ತಗ್ಗುಗಳಿಗಷ್ಟೇ ತುಂಬಿ, ಉಬ್ಬಿದ್ದನ್ನೆಲ್ಲ ಉಜ್ಜಿ ತೆಗೆಯಿರಿ. ಪುಟ್ಟಿ ಹಾಕುವ ಮುನ್ನ ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಮೈಯನ್ನು ತಕ್ಕಡಿಗೆ ಏರಿಸಿ. ಬಣ್ಣ ತೆಳುವಾಗಿ ಎರಡು ಕೋಟ್ ಸಾಕು.

ಕೊನೆಯ ಹೆಜ್ಜೆ: ಬಿಟ್ಟು ಓಡಿಸಿ ಅಳೆಯುವುದು

ಸಪಾಟು ರಸ್ತೆಯಲ್ಲಿ ವೇಗಕ್ಕೆ ತಂದು, ಮೋಟಾರಿನ ಸಂಪರ್ಕ ಪೂರ್ತಿ ಬಿಡಿಸಿ, ಕಾರನ್ನು ತಾನಾಗಿ ಉರುಳಲು ಬಿಡಿ. ಜಿಪಿಎಸ್ ಲಾಗರ್ ಅಥವಾ ಚಕ್ರದ ಸೆನ್ಸರಿನಿಂದ ಎರಡು ಸಮಯ ತೆಗೆದುಕೊಳ್ಳಿ: 40ರಿಂದ 35 ಕಿ.ಮೀ.ಗೆ ಇಳಿಯಲು ಎಷ್ಟು, 15ರಿಂದ 10ಕ್ಕೆ ಇಳಿಯಲು ಎಷ್ಟು. ಉದಾಹರಣೆಗೆ ನಮ್ಮ 180 ಕಿಲೋ ಕಾರಿಗೆ 8.8 ಸೆಕೆಂಡ್ ಮತ್ತು 19.8 ಸೆಕೆಂಡ್ ಬಂತು ಎನ್ನಿ. 5 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 1.39 ಮೀಟರ್. ತೂಕದಿಂದ ಗುಣಿಸಿ ಸಮಯದಿಂದ ಭಾಗಿಸಿದರೆ ತಡೆ 28.4 ಮತ್ತು 12.6 ನ್ಯೂಟನ್. ಟೈರಿನ ತಡೆ ಎರಡರಲ್ಲೂ ಒಂದೇ, ಆದ್ದರಿಂದ 15.8 ನ್ಯೂಟನ್ ವ್ಯತ್ಯಾಸ ಗಾಳಿಯದು. ಎರಡು ಸರಾಸರಿ ವೇಗಗಳ ವರ್ಗದ ವ್ಯತ್ಯಾಸ 96.4, ಅದನ್ನು ಸಾಂದ್ರತೆಯ ಅರ್ಧದಿಂದ, ಅಂದರೆ 0.55ರಿಂದ ಗುಣಿಸಿದರೆ 53. 15.8ನ್ನು 53ರಿಂದ ಭಾಗಿಸಿದರೆ 0.30. ಗುಣಾಂಕ ಮತ್ತು ವಿಸ್ತೀರ್ಣದ ಗುಣಲಬ್ಧ ಇಷ್ಟು ಸುಲಭವಾಗಿ ಕೈಗೆ ಬಂತು.

ಸಾವಿರಕ್ಕೆ ಒಂದರಷ್ಟು ಇಳಿಜಾರಿದ್ದರೂ 1.8 ನ್ಯೂಟನ್ ತಪ್ಪು ಸೇರುತ್ತದೆ. ಅದಕ್ಕೇ ಪ್ರತಿ ಪರೀಕ್ಷೆಯನ್ನೂ ಎರಡೂ ದಿಕ್ಕಿನಲ್ಲಿ, ಹಲವು ಸಲ ಓಡಿಸಿ ಸರಾಸರಿ ತೆಗೆಯಿರಿ. ಸೂರ್ಯ ಹುಟ್ಟುವ ಹೊತ್ತು ಒಳ್ಳೆಯದು. ಮರದ ಎಲೆ ಅಲುಗುತ್ತಿದ್ದರೆ ಆ ದಿನ ಬಿಟ್ಟುಬಿಡಿ. ಟೈರಿನ ಗಾಳಿ ಪ್ರತಿ ಸಲ ಒಂದೇ ಇರಲಿ, ಟೈರು ಬಿಸಿಯಾಗಲು ಮೊದಲು ಸ್ವಲ್ಪ ಓಡಿಸಿ.

ಅಂಕಿ ಸಿಕ್ಕ ಮೇಲೆ ಟೇಪ್ ಸುರುಳಿ ಕೈಗೆ ತೆಗೆದುಕೊಳ್ಳಿ. ಮೊದಲ ದಿನ ಎಲ್ಲ ಸಂದುಗಳನ್ನೂ ಮುಚ್ಚಿ ಅಳೆಯಿರಿ: ಬಾಗಿಲ ಸುತ್ತ, ಕಿಟಕಿಯ ಅಂಚು, ಚಕ್ರದ ಮುಚ್ಚಳ, ತಳದ ಜೋಡಣೆ. ನಂತರ ಒಂದೊಂದೇ ಟೇಪ್ ಕಿತ್ತು ಮತ್ತೆ ಅಳೆಯುತ್ತಾ ಬನ್ನಿ. ಯಾವ ಸಂದಿನ ಟೇಪ್ ಕಿತ್ತಾಗ ಸಮಯ ಕಡಿಮೆಯಾಯಿತೋ ಅಲ್ಲಿಗೆ ರಬ್ಬರ್ ಬೀಡಿಂಗ್ ಹಾಕಿ. ಏನೂ ವ್ಯತ್ಯಾಸ ಕಾಣದ ಸಂದಿಗೆ ಬೀಡಿಂಗಿನ ತೂಕವೂ ಬೇಡ.